ಪೂಜೆಗಿಟ್ಟ ಬಂದೂಕು

ಬಂದೂಕು ಹಾರಿಸಿದವರು ಕಣ್ಣಿಲ್ಲದ ಗೌಡರಲ್ಲ, ಎರಡೂ ಕಣ್ಣು ನೆಟ್ಟಗಿದ್ದ ಅವರ ತಮ್ಮನ ಮಗ. ಊರಲ್ಲಿ ಯಾರು ಏನೇ ಹೇಳಲಿ, ನಡೆದದ್ದು ಇಷ್ಟೇ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಕುರುಡನ ಕೈಗೆ ಬಂದೂಕು ಕೊಟ್ಟರೆ ಇನ್ನೇನಾಗುತ್ತದೆ ಎಂದು ಸವದತ್ತಿಯ ಬಸ್ಸಿನಲ್ಲಿ ಗುರುತಿಲ್ಲದ ಮಂದಿ ಆಡಿಕೊಳ್ಳುವುದನ್ನೂ ಕೇಳಿದ್ದೇನೆ. ಅದಕ್ಕೇ ಬರೆಯಲು ಕುಳಿತೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದಲಿ. ಮಾತು ತಿದ್ದಬೇಡ ಎಂದು ಅವಳಿಗೆ ಹೇಳಿಟ್ಟಿದ್ದೇನೆ.

ಗೌಡರ ಮನೆ ಬೈಲಹೊಂಗಲ ತಾಲೂಕಿನಲ್ಲಿ, ದೊಡವಾಡದ ಕಡೆ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೋದ ಮೇಲೆ ನೋಡಿಕೊಳ್ಳಲು ನನ್ನನ್ನು ಕರೆಸಿದರು. ಕಣ್ಣಿಲ್ಲದ ಮಕ್ಕಳ ವಸತಿಶಾಲೆಯಲ್ಲಿ ಬಹಳ ದಿನ ಅಡುಗೆ ಮಾಡಿದವಳು ಎಂದು ಯಾರೋ ಹೇಳಿದ್ದರಂತೆ. ಗೌಡರಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಮನೆ ನಡೆಸುವವಳು ತೀರಿಹೋದ ತಮ್ಮನ ಹೆಂಡತಿ. ಊರವರು ಅವಳನ್ನು ಗೌಡತಿ ಎನ್ನುತ್ತಾರೆ. ಅವಳಿಗೆ ಒಬ್ಬನೇ ಮಗ. ಸರಕಾರಿ ನೌಕರಿಗೆ ಆಯ್ಕೆಯಾಗಿ, ಪೊಲೀಸರ ವಿಚಾರಣೆ ಮುಗಿದು ಆದೇಶ ಬರಲಿ ಎಂದು ಕಾಯುತ್ತಿದ್ದ.

ನಾನು ಹೋದಾಗ ಗೌಡರು ಪಡಸಾಲೆಯ ಹೊರಸಿನ ಮೇಲೆ ಕಲ್ಲಿನಂತೆ ಕುಳಿತಿರುತ್ತಿದ್ದರು. ಮನೆಯವರೇ ರೊಟ್ಟಿ ಮುರಿದು, ಪಲ್ಯ ಸುತ್ತಿ, ಅವರ ಬಾಯಿಗೇ ಇಡುತ್ತಿದ್ದರು. ಹಿತ್ತಲಿಗೆ ಹೋಗಬೇಕೆಂದರೆ ಇಬ್ಬರು ತೋಳು ಹಿಡಿಯಬೇಕು. ಇದು ಅಕ್ಕರೆಯಲ್ಲ. ಮನುಷ್ಯನನ್ನು ಮೂಟೆ ಮಾಡುವ ಕೆಲಸ.

ಮೊದಲು ಹಗ್ಗ ಕಟ್ಟಿದೆ. ಹಿತ್ತಲ ಬಾಗಿಲಿನಿಂದ ದನದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ನೀರಿನ ಕಲ್ಲಿಗೆ, ಸೊಂಟದ ಎತ್ತರಕ್ಕೆ. ಮೆಟ್ಟಿಲು ಬರುವ ಕಡೆ ಒಂದು ಗಂಟು, ತಿರುಗುವ ಕಡೆ ಎರಡು. ಆಮೇಲೆ ಚಹ. ಲೋಟಕ್ಕೆ ಸುರಿಯುವಾಗ ಬೆರಳು ಅದ್ದಿ ನೋಡುವುದು ಹೊಲಸು ರೂಢಿ, ಕೈಯೂ ಸುಡುತ್ತದೆ. ತುಂಬುತ್ತ ಬಂದ ಹಾಗೆ ಸಪ್ಪಳ ಸಣ್ಣದಾಗುತ್ತದೆ, ಅದನ್ನು ಕೇಳಬೇಕು. ಗ್ಯಾಸಿನ ಒಲೆಗೆ ಮೊದಲು ವಾಸನೆ ನೋಡುವುದು, ಆಮೇಲೆ ಕಡ್ಡಿ ಗೀರುವುದು, ಕೊನೆಗೆ ಕೀಲಿ ತಿರುಗಿಸುವುದು. ಉಳ್ಳಾಗಡ್ಡಿ ಹೆಚ್ಚಲು ಎಡಗೈಯ ಬೆರಳು ಒಳಗೆ ಮಡಚಿ, ಗೆಣ್ಣಿಗೆ ಚೂರಿಯ ಕೆನ್ನೆ ತಾಗಿಸಿಕೊಂಡೇ ಇಳಿಸಬೇಕು. ಎರಡು ಸಲ ಕೊಯ್ದುಕೊಂಡರು. ಅರಿಶಿನ ಹಚ್ಚಿ ಮತ್ತೆ ಚೂರಿಯನ್ನೇ ಕೈಗೆ ಕೊಟ್ಟೆ.

ಗೌಡತಿಗೆ ಇದು ಹಿಡಿಸಲಿಲ್ಲ.

"ಮನ್ಯಾಗ ಇಷ್ಟ ಮಂದಿ ಇರೂವಾಗ ಗೌಡ್ರು ಉಳ್ಳಾಗಡ್ಡಿ ಹೆಚ್ಚಬೇಕೇನ ಬೇ? ಊರ ಮಂದಿ ಏನಂದಾರು?"

"ಊರ ಮಂದಿ ಉಣ್ಣಾಕ ಬಂದಾಗ ಅನ್ನಲಿ ಬಿಡ್ರಿ. ಉಳ್ಳಾಗಡ್ಡಿ ದಪ್ಪಾಗ್ಯಾವು ಅಂತ."

ಹೊರಸಿನ ಮೇಲಿದ್ದ ಗೌಡರು ನಕ್ಕರು. ಅವರ ನಗು ನಾನು ಕೇಳಿದ್ದು ಅದೇ ಮೊದಲು.

ವರುಷ ತಿರುಗುವುದರೊಳಗೆ ಅವರು ತಾವೇ ಚಹ ಮಾಡಿಕೊಂಡು, ಹಗ್ಗ ಹಿಡಿದು ಕೊಟ್ಟಿಗೆಗೆ ಹೋಗಿ, ಎತ್ತಿನ ಮೈ ಸವರಿ ಉಣ್ಣೆಹುಳ ಹಿಡಿದಿದೆಯೇ ಎಂದು ನೋಡುವಂತಾದರು. ಮುಂದೆ ನಡೆದದ್ದರಲ್ಲಿ ಅವರ ಕೈತಪ್ಪಿ ಹೋಗುವಂತಿದ್ದುದು ಇದೇ.

ಆ ಮನೆಯ ನಡುಮನೆಯ ಕಪಾಟಿನಲ್ಲಿ ಬಂದೂಕಿತ್ತು. ಕಬ್ಬಿಗೆ ನುಗ್ಗುವ ಹಂದಿ ಓಡಿಸಲು ಗೌಡರ ತಂದೆಗೆ ಕೊಟ್ಟ ಪರವಾನಗಿ, ಆಮೇಲೆ ಗೌಡರ ಹೆಸರಿಗೆ ಬಂದಿತ್ತು. ಕಣ್ಣು ಹೋದ ಮೇಲೆ ಅದನ್ನು ಯಾರೂ ಕೇಳಲಿಲ್ಲ, ಇವರೂ ಕೊಡಲಿಲ್ಲ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ತರುವುದು, ಅಷ್ಟೇ ಅದರ ತಿರುಗಾಟ.

ಅದು ಮುರಿದು ಗುಂಡು ಹಾಕುವ ಬಂದೂಕಲ್ಲ, ಹಳೆಯ ನಾಡಬಂದೂಕು. ಮೂತಿಯಿಂದ ಮದ್ದು ಸುರಿದು, ನಾರು ತುರುಕಿ, ಸೀಸದ ಕಾಳು ಹಾಕಿ, ಮತ್ತೆ ನಾರು ತುರುಕಿ, ಗಜ ಎನ್ನುವ ಉದ್ದನೆಯ ಸಲಾಕೆಯಿಂದ ಜಡಿಯಬೇಕು. ಹಿಂದುಗಡೆ ಒಂದು ಸಣ್ಣ ತೊಟ್ಟು, ಅದಕ್ಕೆ ತಾಮ್ರದ ಟೋಪಿ. ಮೇಲಿನಿಂದ ಕುದುರೆ ಎನ್ನುವ ಬಾಗಿದ ಸುತ್ತಿಗೆ ಬಂದು ಆ ಟೋಪಿಗೆ ಬಡಿದರೆ ಬೆಂಕಿ. ಒಮ್ಮೆ ತುಂಬಿದರೆ ಹಾರಿಸಿಯೇ ಖಾಲಿ ಮಾಡಬೇಕು. ಇಲ್ಲದಿದ್ದರೆ ಗಜದ ತುದಿಗೆ ತಿರುಪು ಸಿಕ್ಕಿಸಿ ನಾರನ್ನು ಕಿತ್ತು, ಕಾಳು ಮದ್ದು ಎಲ್ಲ ಹೊರಗೆ ಸುರಿಯಬೇಕು. ಅದಕ್ಕೆ ತಾಳ್ಮೆ ಬೇಕು.

ಗೌಡರು ವಾರಕ್ಕೊಮ್ಮೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ಅರಿವೆಯಿಂದ ಒರೆಸುತ್ತಿದ್ದರು. ಒರೆಸುವ ಮೊದಲು ಪ್ರತಿ ಸಲವೂ ಮೂತಿಯನ್ನು ಜಂತಿಗೆ ಮಾಡಿ ನಳಿಗೆಯೊಳಗೆ ಗಜ ಬಿಡುವರು. ಖಾಲಿಯಿದ್ದರೆ ಗಜ ತಳಕ್ಕೆ ಬಡಿದು ಠಣ್ ಎನ್ನುತ್ತದೆ, ಹೊರಗೆ ಹೆಬ್ಬೆರಳಿನಷ್ಟೇ ಉಳಿಯುತ್ತದೆ. ತುಂಬಿದ್ದರೆ ಮೆತ್ತಗೆ ನಿಲ್ಲುತ್ತದೆ, ಗೇಣಷ್ಟು ಹೊರಗೆ ಚಾಚಿರುತ್ತದೆ. ನಿನ್ನೆ ತಾನೇ ನೋಡಿದ್ದರೂ ಇವತ್ತು ನೋಡದೆ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ದಸರೆ ಹತ್ತಿರ ಬಂತು. ಆ ಊರಲ್ಲಿ ಬನ್ನಿ ಮುಡಿಯುವ ಸಂಜೆ ಬನ್ನಿಗಿಡದ ಹತ್ತಿರ ಈ ಮನೆಯ ಹಿರಿಯರು ಒಂದು ಈಡು ಹಾರಿಸಬೇಕು. ಕಾಳು ಇಲ್ಲದ ಈಡು, ಬರೀ ಮದ್ದು ನಾರು. ಸಪ್ಪಳ ಆದ ಮೇಲೆಯೇ ಮಂದಿ ಬನ್ನಿಗೆ ಕೈ ಹಾಕುವುದು. ಕಣ್ಣು ಹೋದಾಗಿನಿಂದ ಗೌಡರು ಹೋಗಿರಲಿಲ್ಲ. ಈ ಸಲ ಹೋಗುತ್ತೇನೆ ಎಂದು ಹಟ ಹಿಡಿದರು.

"ಬ್ಯಾಡ್ರಿ ಗೌಡ್ರ," ಎಂದೆ.

"ನೀನ ಚೂರಿ ಕೊಟ್ಟಿ, ನೀನ ಬೆಂಕಿ ಕೊಟ್ಟಿ. ಈಗ ಇದಕ್ಕ ಬ್ಯಾಡ ಅಂತಿ. ಇದ್ಯಾವ ನ್ಯಾಯ ಯಕ್ಕಾ?"

"ಚೂರಿ ನಿಮ್ಮ ಕೈ ಇದ್ದಲ್ಲೇ ಕೊಯ್ಯತೈತಿ. ಬಂದೂಕು ನಿಮ್ಮ ಕೈ ಮುಟ್ಟಲಾರದಲ್ಲಿ ಕೊಯ್ಯತೈತಿ."

"ಮದ್ದು ತುಂಬೂದು ನನಗ ಗೊತ್ತಿಲ್ಲೇನು? ಈ ಊರಾಗ ನನ್ನಷ್ಟ ಜ್ವಾಕಿಲೆ ಇದನ್ನ ಹಿಡಿಯಾವನ ಒಬ್ಬನ್ನ ತೋರಸು."

"ಒಬ್ಬಾಂವನೂ ಇಲ್ಲರಿ, ಖರೇ. ಹಿಡಿಯೂದು ನಿಮಗ ಗೊತ್ತೈತಿ. ಎದುರಿಗೆ ಯಾರು ನಿಂತಾರ ಅನ್ನೂದು ಗೊತ್ತಾಗೂದಿಲ್ಲ."

"ಸಪ್ಪಳಕ್ಕ ಗೊತ್ತಾಗತೈತಿ."

ಮಾತಿನಿಂದ ಮುಗಿಯುವ ಜಗಳ ಅದಾಗಿರಲಿಲ್ಲ. ಗೌಡರನ್ನು ಕರೆದುಕೊಂಡು ಅಂಗಳಕ್ಕೆ ಇಳಿದೆ. ಎತ್ತು ನೋಡಿಕೊಳ್ಳುವ ಆಳು ಅಲ್ಲೇ ಮೇವು ಹಾಕುತ್ತಿದ್ದ. ಕಣ್ಣಲ್ಲೇ ಸುಮ್ಮನಿರು ಎಂದು ಹೇಳಿ, ಅವನನ್ನು ಗೌಡರ ಎದುರಿಗೆ, ಕೈಗೆ ನಿಲುಕುವಷ್ಟು ಹತ್ತಿರ ನಿಲ್ಲಿಸಿದೆ. ನಾನು ದೂರ ಹೋಗಿ ನಿಂತು ಕೇಳಿದೆ: "ಅಂಗಳದಾಗ ಎಷ್ಟ ಮಂದಿ ಅದಾರ ಹೇಳ್ರಿ?"

ಗೌಡರು ಮುಖ ಎತ್ತಿ ಕಿವಿಗೊಟ್ಟರು. "ನೀ ಒಬ್ಬಾಕಿ. ತೊಟ್ಟಿ ಕಡೆ ನಿಂತಿ."

ಆಳು ಮೆಲ್ಲಗೆ ಕೆಮ್ಮಿದ. ಎದೆಯ ಹತ್ತಿರವೇ ಆ ಕೆಮ್ಮು ಬಂದದ್ದಕ್ಕೆ ಗೌಡರು ಹಿಂದಕ್ಕೆ ಸರಿದರು. ಆಮೇಲೆ ಕೈ ಚಾಚಿ ಅವನ ಹೆಗಲು ಮುಟ್ಟಿದರು.

ಸಂಜೆ ತಾವಾಗಿಯೇ ಕಪಾಟಿನ ಕೀಲಿ ತೆಗೆದು ತಮ್ಮನ ಮಗನ ಕೈಗೆ ಕೊಟ್ಟರು. "ಈ ಸಲ ನೀನ ಹಾರಿಸು. ನಾ ಬಾಜೂಕ ನಿಂದ್ರತೇನಿ," ಎಂದರು. ಪರವಾನಗಿ ಅವನ ಹೆಸರಿಗಿಲ್ಲ ಎಂದು ಯಾರಿಗೂ ತೋಚಲಿಲ್ಲ, ನನಗೂ. ಕಣ್ಣಿದ್ದವನ ಕೈಗೆ ಹೋಯಿತು ಎಂದು ನಾನು ಆ ದಿನ ನಿಶ್ಚಿಂತೆಯಿಂದ ಉಂಡೆ.

ಖಂಡೇಪೂಜೆಯ ದಿನ ನಡುಮನೆ ಸಾರಿಸಿ, ದೇವಿಯ ಪಟದ ಮುಂದೆ ಮಣೆ ಹಾಕಿ, ಕುಡುಗೋಲು, ಕೊಡಲಿ, ಕುಂಟೆಯ ತಾಳು, ನನ್ನ ಚೂರಿ, ಎಲ್ಲ ತೊಳೆದು ಇಟ್ಟೆವು. ತಮ್ಮನ ಮಗ ಬಂದೂಕು ತಂದು ನಡುವೆ ಮಲಗಿಸಿದ. ಮೂತಿ ದೇವರ ಕಡೆ ಇರಬಾರದು ಎಂದು ಗೌಡತಿ ತಿರುಗಿಸಿ ಇಡಿಸಿದಳು. ದೇವರ ಕಡೆ ಹಿಡಿಕೆ, ಬಾಗಿಲ ಕಡೆ ಮೂತಿ. ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆಯನ್ನು ನಳಿಗೆಗೆ ಸುತ್ತಿ, ಜಾರಬಾರದೆಂದು ತುದಿಯನ್ನು ಕುದುರೆಗೆ ಸಿಕ್ಕಿಸಿದರು.

ಆರತಿ ಮುಗಿದ ಮೇಲೆ ಗೌಡರು ಗೋಡೆ ಹಿಡಿದು ಬಂದರು.

"ಖಾಲಿ ಐತೇನೋ?"

"ಹೂಂ ದೊಡ್ಡಪ್ಪ," ಎಂದ ಅವನು. ಕಣ್ಣು ಮೊಬೈಲಿನಲ್ಲಿತ್ತು.

"ಗಜ ಕೊಡು, ಒಂದ ಸಲ ನೋಡತೇನಿ."

ಗೌಡತಿ ಅಡ್ಡ ಬಂದಳು. "ಏನ ಮಾತರಿ ಇದು? ಪೂಜಿ ಆಗೇತಿ. ಬನ್ನಿ ಮುಡಿಯೂತನಕ ಆಯುಧ ಮುಟ್ಟಬಾರದು. ನೀವ ಹಿಂಗ ಮಾಡಿದ್ರ ಹುಡುಗರು ಏನ ಕಲೀತಾರು?"

ಗೌಡರು ಚಾಚಿದ ಕೈ ಹಿಂದೆ ತೆಗೆದುಕೊಂಡರು. ಆ ಮನೆಯಲ್ಲಿ ಬಂದೂಕನ್ನು ನೋಡದೆ ಬಿಡದ ಮನುಷ್ಯ ಅವರೊಬ್ಬರೇ. ಮಡಿ ಅವರನ್ನು ತಡೆಯಿತು.

ಅದು ಖಾಲಿಯಿರಲಿಲ್ಲ. ಕೀಲಿ ಸಿಕ್ಕಾಗಿನಿಂದ ತಮ್ಮನ ಮಗ ಅದನ್ನು ಕಬ್ಬಿನ ಹೊಲಕ್ಕೆ ಒಯ್ಯುತ್ತಿದ್ದ. ಪೂಜೆಯ ಹಿಂದಿನ ದಿನ ಹಂದಿಗೆಂದು ಕಾಳು ಹಾಕಿಯೇ ತುಂಬಿದ್ದ. ಹಂದಿ ಬರಲಿಲ್ಲ. ನಾರು ಕಿತ್ತು ಖಾಲಿ ಮಾಡುವ ಬೇಸರಕ್ಕೆ, ಹೇಗೂ ಬನ್ನಿಗೆ ಹಾರಿಸುವುದಿದೆಯಲ್ಲ ಎಂದು ಹಾಗೇ ತಂದು ಪೂಜೆಗಿಟ್ಟ. ಟೋಪಿಯನ್ನೂ ತೆಗೆದಿರಲಿಲ್ಲ. ಇದೆಲ್ಲ ಈಡು ಹಾರಿದ ಮೇಲೆ ಅವನ ಬಾಯಿಂದಲೇ ಕೇಳಿದ್ದು. ಬನ್ನಿಗಿಡದ ಸುತ್ತ ಊರ ಮಂದಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ. ಅದನ್ನು ನೆನೆದರೆ ಈಗಲೂ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯುತ್ತದೆ.

ಬನ್ನಿಯ ದಿನ ಬೆಳಗ್ಗೆ ನಾನು ನಡುಮನೆಗೆ ತೆರೆಯುವ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೋಳಿಗೆಗೆ ಕಣಕ ನಾದುತ್ತಿದ್ದೆ. ಗೌಡರು ಹಗ್ಗ ಹಿಡಿದು ಕೊಟ್ಟಿಗೆಗೆ ಹೋಗಿದ್ದರು. ಎತ್ತಿನ ಆಳು ನಡುಮನೆಯ ಹೊಸ್ತಿಲ ಮೇಲೆ, ಒಳಗೆ ಬೆನ್ನು ಮಾಡಿ, ಒಂದು ಕಾಲು ಮಡಚಿ ಒಂದು ಕಾಲು ಹೊಸ್ತಿಲ ಗುಂಟ ಚಾಚಿ ಚಹ ಕುಡಿಯುತ್ತಿದ್ದ. ಕೋಡಿಗೆ ಬಣ್ಣ ಬಳಿದ ಎತ್ತುಗಳನ್ನು ನೋಡುತ್ತ ಕುಳಿತಿದ್ದ. ತಮ್ಮನ ಮಗ ಮೊಬೈಲ್ ಕಿವಿಗಿಟ್ಟುಕೊಂಡು ಕಿತ್ತೂರಿನ ಗೆಳೆಯನ ಜೊತೆ ಮಾತಾಡುತ್ತ ಬಂದ. "ತಡಿಯೋ, ಹಿಡಕೊಂಡ ನಿಂತ ಫೋಟೋ ಈಗ ಕಳಸ್ತೇನಿ," ಎಂದು ಬಗ್ಗಿ, ಒಂದೇ ಕೈಯಿಂದ ಮಾಲೆ ಹಿಡಿದು ಜಗ್ಗಿದ.

ಮಾಲೆಯ ದಾರ ಕುದುರೆಯನ್ನು ಹಿಂದಕ್ಕೆ ಎಳೆಯಿತು. ದಾರ ಹರಿಯಿತು. ಕುದುರೆ ಬಿತ್ತು.

ಸಪ್ಪಳಕ್ಕೆ ಜಂತಿಯ ಮಣ್ಣು ಉದುರಿತು. ಹೊಗೆಯೊಳಗೆ ಹೊಸ್ತಿಲು ಕಾಣಲಿಲ್ಲ. ಆಳು ಮೊದಲು ಕೂಗಲೇ ಇಲ್ಲ. ಒಡೆದ ಲೋಟವನ್ನು ನೋಡಿದ, ಆಮೇಲೆ ಕಾಲು ನೋಡಿಕೊಂಡ, ಆಮೇಲೆ ಕೂಗಿದ. ಚಾಚಿದ ಕಾಲಿನ ಮೀನಖಂಡ ಹರಿದುಹೋಗಿತ್ತು.

ಗೌಡತಿ ಅರಿಶಿನದ ಡಬ್ಬಿ, ಚಹಪುಡಿ ತಂದಳು. ಅವಳ ಕೈ ಸರಿಸಿದೆ. ಚೂರಿಯ ಗಾಯಕ್ಕೆ ನಡೆಯುವುದು ಇದಕ್ಕೆ ನಡೆಯುವುದಿಲ್ಲ. ಒಳಗೆ ಹೊಕ್ಕ ಕಾಳನ್ನು ಕೀಳಬಾರದು, ಮೇಲೆ ಏನೂ ತುಂಬಬಾರದು. ಒಗೆದ ಧೋತರ ಮಡಚಿ ಗಾಯದ ಮೇಲಿಟ್ಟು, ನನ್ನ ಭಾರವನ್ನೆಲ್ಲ ಹಾಕಿ ಒತ್ತಿ ಹಿಡಿದೆ. ಕಾಲನ್ನು ಮಣೆಯ ಮೇಲೆ ಎತ್ತರಕ್ಕೆ ಇಡಿಸಿದೆ. ರಕ್ತ ತೊಯ್ದು ಮೇಲೆ ಬಂದರೂ ಕೆಳಗಿನ ಅರಿವೆ ತೆಗೆಯದೆ ಮೇಲೆ ಇನ್ನೊಂದು ಇಟ್ಟೆ.

ಇಷ್ಟೆಲ್ಲ ಆಗುವಾಗ ತಮ್ಮನ ಮಗ, ಗಾಬರಿಯಲ್ಲಿ ಮಣೆಯಿಂದ ಎತ್ತಿಕೊಂಡ ಬಂದೂಕು ಹಿಡಿದು ನಿಂತೇ ಇದ್ದ. ಅವನು ತಿರುಗಿದ ಕಡೆಗೆಲ್ಲ ಮೂತಿ ತಿರುಗುತ್ತಿತ್ತು. ತಾಯಿಯ ಕಡೆ, ನನ್ನ ಕಡೆ, ಬಿದ್ದವನ ಕಡೆ. ಹಗ್ಗ ಹಿಡಿದು ಗೌಡರು ಬಂದರು.

"ಯಾರ ಕೈಯಾಗೈತಿ? ಮೂತಿ ಮ್ಯಾಲ ಮಾಡೋ! ಮ್ಯಾಲ!"

ಅವನಿಗೆ ತಿಳಿಯಲಿಲ್ಲ, ದೊಡ್ಡಪ್ಪಾ ದೊಡ್ಡಪ್ಪಾ ಎನ್ನುತ್ತಲೇ ನಿಂತ. ಗೌಡರು ದನಿಯ ಜಾಡು ಹಿಡಿದು ಹೋಗಿ, ಅವನ ತೋಳು ಸಿಕ್ಕಿ, ತೋಳಿನ ಗುಂಟ ಕೈ ಜಾರಿಸಿ ಬಂದೂಕು ಬಿಡಿಸಿಕೊಂಡರು. ಮೂತಿ ಜಂತಿಗೆ ಮಾಡಿ ಗಜ ಬಿಟ್ಟರು. ಠಣ್ ಎಂದಿತು. ಅದೇ ಗಳಿಗೆಗೆ ಸಪ್ಪಳ ಕೇಳಿದ ಓಣಿಯ ಮಂದಿ ಬಾಗಿಲಿಗೆ ಬಂದರು. ಅವರು ಕಂಡದ್ದು ಇದನ್ನು: ಹೊಗೆ, ರಕ್ತ, ಬಂದೂಕು ಹಿಡಿದು ನಿಂತ ಕುರುಡ.

"ಅಯ್ಯೋ, ಗೌಡ್ರ ಕೈಯಾಗ್ಯಾಕ ಕೊಟ್ಟಿದ್ರಿ?" ಎಂದ ಒಬ್ಬ.

ಯಾರೂ ಸುಳ್ಳು ಹೇಳುವ ಮೊದಲೇ ಸುಳ್ಳು ಹುಟ್ಟಿತ್ತು. ಗೌಡತಿ ಆ ಮಾತು ಹೇಳಿದವನನ್ನು ನೋಡಿದಳು, ಮಗನನ್ನು ನೋಡಿದಳು, ಸುಮ್ಮನಾದಳು. ಆ ಸುಮ್ಮನಿರುವಿಕೆಯನ್ನು ನಾನು ಕಂಡೆ. ನನ್ನ ಎರಡೂ ಕೈ ಗಾಯದ ಮೇಲಿದ್ದವು.

ಆಳನ್ನು ಟಂಟಂ ಗಾಡಿಯಲ್ಲಿ ಮಲಗಿಸಿಕೊಂಡು ಬೈಲಹೊಂಗಲದ ದವಾಖಾನೆಗೆ ಹೋದೆವು. ದಾರಿಯುದ್ದಕ್ಕೂ ನಾನು ಒತ್ತಿದ ಕೈ ತೆಗೆಯಲಿಲ್ಲ. ಮೂಳೆಗೂ ಪೆಟ್ಟಾಗಿದೆ, ಮತ್ತೆ ಎತ್ತಿನ ಗಳೆಯ ಹಿಂದೆ ನಡೆಯುತ್ತಾನೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಅವನ ಹೆಂಡತಿ ಬಂದು ಕುಳಿತ ಮೇಲೆ ನಾನು ಊರಿಗೆ ತಿರುಗಿದೆ.

ಬರುವುದರೊಳಗೆ ಮನೆ ಬದಲಾಗಿತ್ತು. ಹಿತ್ತಲ ಹಗ್ಗ ಬಿಚ್ಚಿ ಸುರುಳಿ ಸುತ್ತಿಟ್ಟಿದ್ದರು. ಕಡ್ಡಿಪೆಟ್ಟಿಗೆ ಮೇಲಿನ ಹಲಗೆಗೆ ಏರಿತ್ತು, ಚೂರಿ ಗೌಡತಿಯ ಕೋಣೆ ಸೇರಿತ್ತು. ಗೌಡರು ಹೊರಸಿನ ಮೇಲೆ, ಮೊದಲ ದಿನ ನಾನು ಕಂಡ ಹಾಗೆಯೇ ಕುಳಿತಿದ್ದರು.

"ಹಗ್ಗ ಯಾಕ ಬಿಚ್ಚೀರಿ?" ಎಂದು ಕೇಳಿದೆ.

ಗೌಡತಿ ದನಿ ತಗ್ಗಿಸಿದಳು. "ನೋಡ ಬೇ, ಮಂದಿ ಎಲ್ಲಾ ಗೌಡ್ರ ಕೈಯಾಗ ನೋಡ್ಯಾರ. ಪರವಾನಗಿನೂ ಅವರ ಹೆಸರೀಲೆ ಐತಿ. ಕಣ್ಣಿಲ್ಲದಾವ್ರು, ವಯಸ್ಸಾದಾವ್ರು, ಯಾರೂ ಏನೂ ಮಾಡೂದಿಲ್ಲ. ನನ್ನ ಮಗನ ಹೆಸರು ಬಂದ್ರ ನೌಕರಿ ಹೋತು. ಪರವಾನಗಿ ಇಲ್ಲದ ಮುಟ್ಟಿದ್ದಕ್ಕ ಜೇಲೂ ಆಗತೈತಿ. ಗೌಡ್ರು ಒಪ್ಪ್ಯಾರ. ನೀ ಅಡಗಿ ಮನ್ಯಾಗ ಇದ್ದಿ, ಏನೂ ನೋಡಿಲ್ಲ. ಆತೇನು?"

"ಅಡಗಿ ಮನಿಗೆ ಬಾಗಲಾ ಐತಿ," ಎಂದೆ.

ದವಾಖಾನೆಯವರೇ ಠಾಣೆಗೆ ಸುದ್ದಿ ಮುಟ್ಟಿಸಿದ್ದರು. ಮಧ್ಯಾಹ್ನ ಹವಾಲ್ದಾರ ಬಂದ. ಹೊಸ್ತಿಲು ನೋಡಿದ, ಮಣೆ ನೋಡಿದ, ಬಂದೂಕನ್ನು ಅರಿವೆಯಲ್ಲಿ ಸುತ್ತಿಸಿದ. ಗೌಡರೇ ಮುಂದಾಗಿ ಹೇಳಿದರು: "ಸಾಹೇಬ್ರ, ನಾನ. ಪೂಜಿಗಿಟ್ಟದ್ದನ್ನ ತಡಕಾಡಾಕ ಹೋದೆ. ಕೈ ತಾಕಿತು."

ಹವಾಲ್ದಾರ ಕೆಟ್ಟವನಲ್ಲ. ಮರುಗಿದ. ಗೌಡತಿಯ ಕಡೆ ತಿರುಗಿ, "ಇನ್ನ ಮ್ಯಾಲ ಇವರನ್ನ ಒಬ್ಬರ್ನ ಬಿಡಬ್ಯಾಡ್ರಿ ತಾಯಿ. ಕೈಗೆ ಏನೂ ಕೊಡಬ್ಯಾಡ್ರಿ. ಕುಂದ್ರಿಸಿ ಊಟ ಹಾಕ್ರಿ, ಸಾಕು," ಎಂದ.

ಅದುವರೆಗೆ ನಾನು ಮಾತಾಡುವುದೋ ಬೇಡವೋ ಎಂದು ತೂಗುತ್ತಿದ್ದೆ. ತಮ್ಮನ ಮಗ ಕೆಟ್ಟ ಹುಡುಗನಲ್ಲ, ನನ್ನ ಕಾಲು ನೋವಿಗೆ ಎಣ್ಣೆ ತಂದುಕೊಟ್ಟವನು. ಗೌಡರು ತಾವಾಗಿ ಒಪ್ಪಿದ್ದಾರೆ, ನಡುವೆ ಬರಲು ನಾನ್ಯಾರು ಎಂದೂ ಅನಿಸಿತ್ತು. ಆದರೆ ಕುಂದ್ರಿಸಿ ಊಟ ಹಾಕ್ರಿ ಎಂಬ ಮಾತಿಗೆ ಗೌಡರ ಎರಡೂ ಕೈ ತೊಡೆಯ ಮೇಲೆ ಮಗುಚಿಕೊಂಡವು. ಅವರು ಒಪ್ಪಿದ್ದು ಯಾವುದಕ್ಕೆ ಎಂದು ಅವರಿಗೇ ಗೊತ್ತಿರಲಿಲ್ಲ.

"ಸಾಹೇಬ್ರ, ಅವರು ಹಾರಿಸಿಲ್ಲ. ಕೊಟ್ಟಿಗ್ಯಾಗ ಇದ್ರು. ಇಂವ ಹಾರಿಸ್ಯಾನ. ತುಂಬಿದಾಂವನೂ ಇಂವನ, ಮಾಲಿ ಜಗ್ಗಿದಾಂವನೂ ಇಂವನ. ನಾ ನೋಡೀನಿ."

ಗೌಡತಿ ನನ್ನ ಮೇಲೆ ಬಂದಳು. "ಉಂಡ ಮನೀಗೆ ಬೆಂಕಿ ಹಚ್ಚತಿಯೇನ ಮುದುಕಿ?"

ಅದಕ್ಕಿಂತ ನೋವಾದದ್ದು ಗೌಡರ ಮಾತು. ಮುಖ ನನ್ನ ಕಡೆ ತಿರುಗಿಸದೆ ಅಂದರು: "ಆಕಿಗೆ ವಯಸ್ಸಾಗೇತಿ ಸಾಹೇಬ್ರ. ಕಣ್ಣು ಮಂಜ. ಆಕಿ ಮಾತ ಬರ್ಕೋಬ್ಯಾಡ್ರಿ."

ನನ್ನ ಕಣ್ಣು ಮಂಜು! ಜೋಳದಲ್ಲಿನ ಕಲ್ಲು ಈಗಲೂ ಆರಿಸುತ್ತೇನೆ.

ಹವಾಲ್ದಾರ ಒಬ್ಬೊಬ್ಬರ ಮುಖ ನೋಡಿದ. ಬಿದ್ದವನು ಬೆನ್ನು ಮಾಡಿ ಕುಳಿತಿದ್ದ, ಅವನು ನೋಡಿಲ್ಲ. ನೋಡಿದವಳು ನಾನೊಬ್ಬಳೇ. "ನಾಳೆ ಠಾಣೆಗೆ ಬಂದು ಹೇಳತೀರೇನ ಆಯಿ? ಇಲ್ಲಿ ಹೇಳಿದ್ದು ಬ್ಯಾರೆ, ಅಲ್ಲಿ ಸಹಿ ಮಾಡೂದು ಬ್ಯಾರೆ. ಮನ್ಯಾಗ ಕುಂತ ವಿಚಾರ ಮಾಡ್ರಿ," ಎಂದು ಬಂದೂಕು ತೆಗೆದುಕೊಂಡು ಹೋದ.

ಆ ಸಂಜೆ ಈಡು ಹಾರಲಿಲ್ಲ. ಮಂದಿ ಹಾಗೇ ಬನ್ನಿ ಮುಡಿದರು. ಗೌಡತಿ ಮಗನನ್ನು ಕರೆದುಕೊಂಡು ಯಾವುದೋ ವಕೀಲರ ಮನೆಗೆ ಹೋದಳು. ಮನೆಯಲ್ಲಿ ನಾನು, ಗೌಡರು ಇಬ್ಬರೇ.

"ನೀ ಯಾಕ ಹಂಗ ಮಾಡಿದಿ?" ಎಂದರು.

"ನೀವ್ಯಾಕ ಸುಳ್ಳ ಹೇಳಿದ್ರಿ?"

"ಅಂವನ ಬಾಳೇ ಐತಿ ಯಕ್ಕಾ. ನಂದೇನೈತಿ? ಕಣ್ಣ ಹೋದಾಗ ತಡಕೊಂಡೇನಿ. ಇದನ್ನೂ ತಡಕೋತೇನಿ."

"ನಿಮ್ಮ ಕಣ್ಣು ಬ್ಯಾನಿ ತಿಂತು. ನಿಮ್ಮ ಕೈ ನೀವ ಕೊಯ್ದ ಕೊಡಾಕತ್ತೀರಿ. ನೀರ ಬೇಕಾದ್ರ ಇನ್ನ ಒದರಬೇಕು. ಹಿತ್ತಲಕ್ಕ ಹೋಗಬೇಕಾದ್ರ ಒದರಬೇಕು. ಸಾಯೂತನಕ ಒದರತೀರಿ. ಒಂದ ದಿವಸದ ಮಾತಲ್ಲ."

ಗೌಡರು ಮೆಲ್ಲಗೆ ಕೇಳಿದರು: "ಆ ದಿವಸ ಅಂಗಳ್ದಾಗ ನೀನ ಅಂದಿ, ನನ್ನ ಕೈಯಾಗ ಬಂದೂಕ ಬ್ಯಾಡಂತ. ಈಗ ಮಂದಿ ಅದನ್ನ ಅನ್ನಾಕತ್ತೈತಿ. ನಿನಗ ಅವರಿಗೆ ಏನ ಫರಕು?"

"ನಾ ಬಂದೂಕ ಬ್ಯಾಡಂದೆ. ಅವರು ಎಲ್ಲಾ ಬ್ಯಾಡಂತಾರ."

ಅಷ್ಟರಲ್ಲಿ ಅವರಿಬ್ಬರೂ ತಿರುಗಿ ಬಂದರು. ತಮ್ಮನ ಮಗ ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತ. ಅತ್ತು ಕಣ್ಣು ಕೆಂಪಾಗಿದ್ದವು. "ಆಯಿ, ನಾ ಬೇಕಂತ ಮಾಡೇನೇನು?"

"ಇಲ್ಲಪಾ. ಹಾರಿಸಿದ್ದು ಬೇಕಂತ ಮಾಡಿಲ್ಲ. ಇದನ್ನ ಬೇಕಂತ ಮಾಡಾಕತ್ತಿ."

ಅವನು ದೊಡ್ಡಪ್ಪನ ಕಡೆ ನೋಡಿದ. ಗೌಡರಿಗೆ ಅದು ಕಾಣಲಿಲ್ಲ. ಗೌಡತಿ ನನ್ನ ಸೀರೆಗಂಟು ತಂದು ಬಾಗಿಲಲ್ಲಿ ಇಟ್ಟಳು. ಅಂದಿಗೆ ನನ್ನ ಕೆಲಸ ಮುಗಿಯಿತು. ಗೌಡರು ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಅದೇ ಊರಿನ ನನ್ನ ದೂರದ ಸಂಬಂಧದ ಸೊಸೆಯ ಮನೆಯಲ್ಲಿ ಮಲಗಿದೆ. ನಿದ್ದೆ ಬಂತು ಎಂದು ಹೇಳಿದರೆ ಸುಳ್ಳಾದೀತು.

ಮರುದಿನ ಬೆಳಗ್ಗೆ ಮೊದಲ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋದೆ. ಠಾಣೆಗಿಂತ ಮೊದಲು ದವಾಖಾನೆಗೆ. ಕಾಲು ಅವನದು, ಅವನಿಗೆ ತಿಳಿಸದೆ ಇನ್ನೊಬ್ಬರಿಗೆ ಹೇಳುವುದು ಸರಿಯಲ್ಲ. ಆಳು ಎಚ್ಚರವಾಗಿದ್ದ. ಅವನಿಗೂ ಗೌಡರ ಹೆಸರನ್ನೇ ಹೇಳಿದ್ದರು.

"ಇರಲಿ ಬಿಡ ಆಯಿ, ಪಾಪ, ಅವರಿಗೇನ ಕಾಣತೈತಿ," ಎಂದ.

ನಡೆದದ್ದನ್ನು ಹೇಳಿದೆ. ಅವನು ಸೂರು ನೋಡುತ್ತ ಮಲಗಿದ. "ನೀ ಹೇಳದಿದ್ರ ಚಲೋ ಇತ್ತು. ಇಲ್ಲೀತನಕ ನನಗ ಯಾರ ಮ್ಯಾಲೂ ಸಿಟ್ಟ ಇರಲಿಲ್ಲ," ಎಂದ. ಹೆಂಡತಿ ಅವನ ಹಣೆ ಒರೆಸಿದಳು. ಎದ್ದೆ.

ಠಾಣೆಯಲ್ಲಿ ಹವಾಲ್ದಾರ ನಾನು ಹೇಳಿದ್ದನ್ನು ಬರೆದುಕೊಂಡು ಓದಿ ಹೇಳಿದ. ಮೊದಲ ಸಾಲಿನಲ್ಲೇ ಅಂಧ ಗೌಡರ ಮನೆಯಲ್ಲಿ ಎಂದಿತ್ತು.

"ಅಂಧ ಅನ್ನೂದನ್ನ ತೆಗೀರಿ," ಎಂದೆ.

"ಯಾಕ ಆಯಿ? ಖರೇನ ಅಲ್ಲೇನು?"

"ಖರೇ ಐತಿ. ಇಲ್ಲಿ ಅದರ ಕೆಲಸ ಇಲ್ಲ. ಹಾರಿಸಿದಾಂವ ನೋಡತಿದ್ದ. ಮತ್ತೊಂದ ಬರೀರಿ: ಆ ಬಂದೂಕು ತಿರುಗಿ ಕೊಡಬ್ಯಾಡ್ರಿ ಅಂತ. ಗೌಡ್ರಿಗೂ ಬ್ಯಾಡ, ಆ ಮನ್ಯಾಗ ಮತ್ಯಾರಿಗೂ ಬ್ಯಾಡ."

"ಅದು ನನ್ನ ಕೈಯಾಗಿಲ್ಲ."

"ನಾ ಹೇಳೇನಿ ಅಂತ ಬರೀಲಿಕ್ಕೆ ಏನ ಅಡ್ಡಿ?"

ಬರೆದ. ಅಂಧ ಎಂಬುದರ ಮೇಲೆ ಗೆರೆ ಎಳೆದ. ಹೆಬ್ಬಟ್ಟಿಗೆಂದು ಮಸಿಯ ಡಬ್ಬಿ ನನ್ನ ಕಡೆ ಸರಿಸಿದ. ಅದನ್ನು ಹಿಂದಕ್ಕೆ ಸರಿಸಿ ಪೆನ್ನು ಕೇಳಿದೆ, ನಿಧಾನವಾಗಿ ನನ್ನ ಹೆಸರು ಬರೆದೆ.